ನಿವ್ವಳ ಶೂನ್ಯದ ಯೋಜನೆಗೆ ಪ್ರಾದೇಶಿಕ ಇಂಧನ ಸನ್ನಿವೇಶಗಳು: ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಗೊಂದು ಸಮಗ್ರ ಮಾರ್ಗದರ್ಶಿ

2070ರ ಹೊತ್ತಿಗೆ ನಿವ್ವಳ ಶೂನ್ಯ ಹೊರಸೂಸುವಿಕೆಯನ್ನು ಸಾಧಿಸುವುದಾಗಿ ಭಾರತವು 2021ರ ನವೆಂಬರ್‌ನಲ್ಲಿ ಗ್ಲಾಸ್ಗೊ ಹವಾಮಾನ ಸಮ್ಮೇಳನದಲ್ಲಿ ಘೋಷಿಸಿತು. ವಾತಾವರಣಕ್ಕೆ ಬಿಡುವ ಹಸಿರುಮನೆ ಅನಿಲಗಳನ್ನು ಸಾಧ್ಯವಾದಷ್ಟು ಇಳಿಸಿ, ಉಳಿದುದನ್ನು ಕಾಡು, ಮಣ್ಣು ಮೊದಲಾದವುಗಳು ಹೀರಿಕೊಳ್ಳುವ ಪ್ರಮಾಣಕ್ಕೆ ಸಮಗೊಳಿಸುವುದು ಇದರ ಅರ್ಥ. ದೇಶದ ಮಟ್ಟದಲ್ಲಿ ಹೇಳಿದ ಈ ಮಾತು ಕೊನೆಗೆ ನೆಲಕ್ಕಿಳಿಯಬೇಕಾದದ್ದು ನವಲಗುಂದದ ಪಂಪ್‌ಸೆಟ್ ಫೀಡರಿನಲ್ಲಿ (ವಿದ್ಯುತ್ ಉಪಕೇಂದ್ರದಿಂದ ಹೊಲ, ಊರುಗಳಿಗೆ ವಿದ್ಯುತ್ ಒಯ್ಯುವ ಮಾರ್ಗದಲ್ಲಿ), ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ, ಹುಬ್ಬಳ್ಳಿಯ ಬಸ್ ಡಿಪೊದಲ್ಲಿ, ಗದಗ-ಬೆಟಗೇರಿಯ ಮನೆಗಳ ಮಾಳಿಗೆಯ ಮೇಲೆ. ಆದ್ದರಿಂದ ಜಿಲ್ಲೆ, ತಾಲ್ಲೂಕು ಮತ್ತು ನಗರದ ಮಟ್ಟದಲ್ಲಿ ಯೋಜನೆ ಮಾಡುವವರಿಗೆ, ಅಂದರೆ ಪಾಲಿಕೆಯ ಎಂಜಿನಿಯರುಗಳು, ಜಿಲ್ಲಾ ಪಂಚಾಯತಿಯ ಯೋಜನಾ ಶಾಖೆಯವರು, ವಿದ್ಯುತ್ ಕಂಪನಿಯ ಅಧಿಕಾರಿಗಳು, ಕಾಲೇಜುಗಳ ಅಧ್ಯಾಪಕರು ಮತ್ತು ಆಸಕ್ತ ನಾಗರಿಕರಿಗೆ, ಹಂತ ಹಂತವಾಗಿ ಅನುಸರಿಸಬಹುದಾದ ಒಂದು ವಿಧಾನವನ್ನು ಇಲ್ಲಿ ವಿವರಿಸಿದ್ದೇನೆ.

ಇಂಧನ ಸನ್ನಿವೇಶವೆಂದರೆ ಭವಿಷ್ಯವಾಣಿಯಲ್ಲ. ಮುಂದಿನ ಇಪ್ಪತ್ತು–ಮೂವತ್ತು ವರ್ಷಗಳಲ್ಲಿ ಒಂದು ಪ್ರದೇಶದ ಇಂಧನ ಬೇಡಿಕೆ ಮತ್ತು ಪೂರೈಕೆ ಹೇಗೆಲ್ಲ ಸಾಗಬಹುದೆಂಬುದನ್ನು, ಒಳಗೊಳಗೆ ತಾಳೆಯಾಗುವ ಅಂಕಿಗಳೊಡನೆ ಬಿಡಿಸಿಟ್ಟ ಮೂರು–ನಾಲ್ಕು ಚಿತ್ರಗಳನ್ನು ಸನ್ನಿವೇಶಗಳೆನ್ನುತ್ತಾರೆ. ನಮ್ಮ ಎರೆ ಸೀಮೆಯ ರೈತನಿಗೆ ಈ ಬಗೆಯ ಆಲೋಚನೆ ಹೊಸದಲ್ಲ: ರೋಹಿಣಿ, ಮೃಗಶಿರಾ ಮಳೆ ಹದವಾಗಿ ಬಿದ್ದರೆ ಹೆಸರು ಬಿತ್ತುತ್ತಾನೆ, ತಡವಾದರೆ ಹತ್ತಿ ಅಥವಾ ಗೋವಿನಜೋಳಕ್ಕೆ ಹೋಗುತ್ತಾನೆ, ಅದೂ ತಪ್ಪಿದರೆ ಹೊಲವನ್ನು ಹಸನು ಮಾಡಿಕೊಂಡು ಹಿಂಗಾರಿಯ ಜೋಳ, ಕಡಲೆಗೆ ಕಾಯುತ್ತಾನೆ. ಯಾವ ಮಳೆ ಬರುತ್ತದೆಂದು ಅವನು ಹೇಳಲಾರ. ಆದರೆ ಯಾವುದು ಬಂದರೂ ಮಾಡಬೇಕಾದ ಕೆಲಸ ಯಾವುದು, ಕಾದು ನೋಡಿ ಮಾಡಬೇಕಾದ ಕೆಲಸ ಯಾವುದು ಎಂಬುದು ಅವನಿಗೆ ತಿಳಿದಿರುತ್ತದೆ. ಇಂಧನ ಯೋಜನೆಯಲ್ಲಿ ನಾವು ಪಡೆಯಬೇಕಾದದ್ದೂ ಇದೇ ವಿವೇಕ.

ಈ ಮೂರು ಜಿಲ್ಲೆಗಳ ಮಟ್ಟಿಗೆ ನನ್ನ ಮುಖ್ಯ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಯೋಜನೆ ಮಾಡಬೇಕಾದ ಅಳತೆ 'ಜಿಲ್ಲೆ ಮತ್ತು ವರ್ಷ' ಅಲ್ಲ, 'ಫೀಡರ್ ಮತ್ತು ತಿಂಗಳು'. ಜಿಲ್ಲೆಯ ವಾರ್ಷಿಕ ಮೊತ್ತದಲ್ಲಿ ಎಲ್ಲವೂ ಸರಿಹೊಂದಿದಂತೆ ಕಾಣುವ ಯೋಜನೆ, ಮಾರ್ಚ್ ತಿಂಗಳ ಸಂಜೆ ಏಳು ಗಂಟೆಗೆ ಒಂದು ಉಪಕೇಂದ್ರದಲ್ಲಿ ಕುಸಿದು ಬೀಳಬಹುದು.

ಮೊದಲ ಹಂತ: ಎಲ್ಲೆ ಮತ್ತು ಆಧಾರ ವರ್ಷ

ಲೆಕ್ಕ ಹಾಕುವ ಮೊದಲು ಯಾವ ಪ್ರದೇಶದ ಲೆಕ್ಕವೆಂಬುದು ಖಚಿತವಾಗಬೇಕು. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ಹೆಸ್ಕಾಂ ಏಳು ಜಿಲ್ಲೆಗಳಿಗೆ ವಿದ್ಯುತ್ ಹಂಚುತ್ತದೆ. ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆಯ ಅಂಕಿಗಳು 82 ವಾರ್ಡುಗಳಿಗೆ ಸೇರಿದವು. ಇಂಧನ ತೈಲದ ಮಾರಾಟ ಜಿಲ್ಲಾವಾರು ಸಿಗುತ್ತದೆ. ವಾಹನ ನೋಂದಣಿ ಆರ್‌ಟಿಒ ಕಚೇರಿವಾರು ಇರುತ್ತದೆ. ಈ ಎಲ್ಲೆಗಳು ಒಂದರ ಮೇಲೊಂದು ಸರಿಯಾಗಿ ಕೂಡುವುದಿಲ್ಲ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡುವ ತೀರ್ಮಾನವನ್ನು ರಾಜ್ಯ ಸಚಿವ ಸಂಪುಟ 2025ರಲ್ಲಿ ಕೈಗೊಂಡಿರುವುದರಿಂದ ನಗರದ ಅಂಕಿಗಳನ್ನು ಈಗಿನಿಂದಲೇ ಹುಬ್ಬಳ್ಳಿ ಮತ್ತು ಧಾರವಾಡ ಎಂದು ಬೇರೆ ಬೇರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಗದಗ ಮತ್ತು ಹಾವೇರಿ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಜಿಲ್ಲೆಗಳಾದ್ದರಿಂದ ಅದಕ್ಕೂ ಹಿಂದಿನ ಅಂಕಿಗಳು ಒಟ್ಟಾಗಿಯೇ ಸಿಗುತ್ತವೆ ಎಂಬುದನ್ನೂ ಮರೆಯಬಾರದು. ವಿದ್ಯುತ್ತನ್ನು ಉಪಕೇಂದ್ರವಾರು, ತೈಲ ಮತ್ತು ಅಡುಗೆ ಅನಿಲವನ್ನು ಜಿಲ್ಲಾವಾರು, ಕೃಷಿಯನ್ನು ತಾಲ್ಲೂಕುವಾರು ತೆಗೆದುಕೊಂಡು, ಕೊನೆಗೆ ಜಿಲ್ಲೆಯ ಮಟ್ಟದಲ್ಲಿ ಕೂಡಿಸುವ ಕ್ರಮವೇ ಪ್ರಾಯೋಗಿಕವೆಂದು ನನಗೆ ತೋರುತ್ತದೆ.

ಹೊರಸೂಸುವಿಕೆಯನ್ನು ಮೂರು ವ್ಯಾಪ್ತಿಗಳಲ್ಲಿ ವಿಂಗಡಿಸುವ ಅಂತರರಾಷ್ಟ್ರೀಯ ಪದ್ಧತಿಯಿದೆ. ಎಲ್ಲೆಯ ಒಳಗೇ ಸುಡುವ ಡೀಸೆಲ್, ಪೆಟ್ರೋಲ್, ಅನಿಲ, ಕಲ್ಲಿದ್ದಲು ಮೊದಲ ವ್ಯಾಪ್ತಿ. ಗ್ರಿಡ್‌ನಿಂದ (ದೇಶದ ವಿದ್ಯುತ್ ಜಾಲದಿಂದ) ಪಡೆದು ಬಳಸುವ ವಿದ್ಯುತ್ ಎರಡನೆಯದು. ಹೊರಗಿನಿಂದ ತರಿಸುವ ಸಿಮೆಂಟ್, ಉಕ್ಕು, ಗೊಬ್ಬರದ ತಯಾರಿಕೆಯಂಥವು ಮೂರನೆಯದು. ಮೊದಲ ಸಲ ಲೆಕ್ಕ ಮಾಡುವವರು ಮೊದಲ ಎರಡಕ್ಕೆ ಸೀಮಿತವಾದರೆ ಸಾಕು.

ಇಲ್ಲಿ ಗದಗ ಜಿಲ್ಲೆಯ ಪವನ ವಿದ್ಯುತ್ತಿನ ವಿಚಾರದಲ್ಲಿ ವಿಶೇಷ ಎಚ್ಚರ ಬೇಕು. ಕಪ್ಪತಗುಡ್ಡದ ಸುತ್ತಮುತ್ತಲೂ ಎರೆಹೊಲಗಳಲ್ಲೂ ಸಾಲುಗಟ್ಟಿ ನಿಂತ ಗಾಳಿಯಂತ್ರಗಳನ್ನು ನೋಡಿದವರಿಗೆ ಗದಗ ಈಗಾಗಲೇ ನಿವ್ವಳ ಶೂನ್ಯವನ್ನು ಮುಟ್ಟಿದೆ ಎನಿಸಬಹುದು. ಆದರೆ ಆ ವಿದ್ಯುತ್ತಿನ ಬಹುಪಾಲು ರಾಜ್ಯದ ವಿದ್ಯುತ್ ಕಂಪನಿಗಳಿಗೋ, ದೂರದ ಕೈಗಾರಿಕೆಗಳಿಗೋ, ಅಂತರರಾಜ್ಯ ಪ್ರಸರಣ ಮಾರ್ಗದ ಮೂಲಕ ಬೇರೆ ರಾಜ್ಯಗಳಿಗೋ ಮಾರಾಟವಾಗಿರುತ್ತದೆ. ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ 2013ರ ಡಿಸೆಂಬರ್ 31ರಂದು ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ಡಿಗೆ ಸೇರಿದ ಮೇಲೆ ಭಾರತಕ್ಕೆಲ್ಲ ಒಂದೇ ಗ್ರಿಡ್. ಕೊಂಡವನು ತನ್ನ ಲೆಕ್ಕದಲ್ಲಿ ತೋರಿಸಿದ ಹಸಿರು ವಿದ್ಯುತ್ತನ್ನು ಗದಗವೂ ತನ್ನ ಲೆಕ್ಕದಲ್ಲಿ ತೋರಿಸಿದರೆ ಒಂದೇ ಯೂನಿಟ್ ಎರಡು ಸಲ ಎಣಿಕೆಯಾಗುತ್ತದೆ. ಆದ್ದರಿಂದ ಜಿಲ್ಲೆಯೊಳಗಿನ ಉತ್ಪಾದನೆಯನ್ನು ಪ್ರತ್ಯೇಕ ಪಟ್ಟಿಯಲ್ಲಿ ದಾಖಲಿಸಿ, ಬಳಕೆಯ ವಿದ್ಯುತ್ತಿಗೆ ಇಡೀ ಗ್ರಿಡ್ಡಿನ ಸರಾಸರಿ ಹೊರಸೂಸುವಿಕೆಯನ್ನೇ ಹಚ್ಚಬೇಕು.

ಆಧಾರ ವರ್ಷದ ಆಯ್ಕೆಯಲ್ಲಿ 2023–24 ಅನ್ನು ಬಿಡುವುದು ಲೇಸು. ಆ ವರ್ಷ ಮುಂಗಾರು ಕೈಕೊಟ್ಟು ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಮಳೆಗಾಲದಲ್ಲೇ ಪಂಪ್‌ಸೆಟ್ ಬಳಕೆ ಏರಿತು, ಜಲಾಶಯಗಳು ತುಂಬಲಿಲ್ಲ, ಹೊಲಗಳಿಗೆ ತ್ರೀಫೇಸ್ ಪೂರೈಕೆಯ ಗಂಟೆಗಳನ್ನು ಕಡಿಮೆ ಮಾಡಬೇಕಾಯಿತು. ಇಂಥ ವರ್ಷವನ್ನು ತಳಪಾಯವಾಗಿಟ್ಟರೆ ಮುಂದಿನ ಎಲ್ಲ ಅಂಕಿಗಳೂ ಓರೆಯಾಗುತ್ತವೆ. ಮೂರು ವರ್ಷಗಳ ಸರಾಸರಿಯನ್ನು ಆಧಾರವಾಗಿ ಇಟ್ಟುಕೊಂಡು, ಬರದ ವರ್ಷದ ಅಂಕಿಗಳನ್ನು ಮುಂದೆ ಪರೀಕ್ಷೆಗಾಗಿ ಎತ್ತಿಡಿ.

ಎರಡನೆಯ ಹಂತ: ಇಂದಿನ ಲೆಕ್ಕ

ವಿದ್ಯುತ್ ದರ ನಿಗದಿಗಾಗಿ ಹೆಸ್ಕಾಂ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಸಲ್ಲಿಸುವ ಅರ್ಜಿ ಮತ್ತು ಅದರ ಮೇಲಿನ ಆಯೋಗದ ಆದೇಶ ಸಾರ್ವಜನಿಕ ದಾಖಲೆಗಳು. ಗೃಹಬಳಕೆ, ವಾಣಿಜ್ಯ, ಕೈಗಾರಿಕೆ, ಕುಡಿಯುವ ನೀರು, ಪಂಪ್‌ಸೆಟ್ ಹೀಗೆ ವರ್ಗವಾರು ಮಾರಾಟ, ವಿತರಣಾ ನಷ್ಟ, ಪಂಪ್‌ಸೆಟ್‌ಗಳ ಸಂಖ್ಯೆ ಎಲ್ಲವೂ ಅದರಲ್ಲಿವೆ. ಉಪಕೇಂದ್ರದ ತಿಂಗಳವಾರು ಗರಿಷ್ಠ ಹೊರೆಯನ್ನು ಹೆಸ್ಕಾಂ ಮತ್ತು ಕೆಪಿಟಿಸಿಎಲ್ (ರಾಜ್ಯದ ವಿದ್ಯುತ್ ಪ್ರಸರಣ ನಿಗಮ) ವಿಭಾಗೀಯ ಕಚೇರಿಗಳಿಂದ ಲಿಖಿತವಾಗಿ ಕೇಳಿ ಪಡೆಯಬೇಕು. ವಾಹನಗಳ ಅಂಕಿಗಳು ಕೇಂದ್ರ ಸರ್ಕಾರದ ವಾಹನ್ ಜಾಲತಾಣದಲ್ಲಿ ಕೆಎ–25 (ಧಾರವಾಡ), ಕೆಎ–63 (ಹುಬ್ಬಳ್ಳಿ), ಕೆಎ–26 (ಗದಗ), ಕೆಎ–27 (ಹಾವೇರಿ), ಕೆಎ–68 (ರಾಣೆಬೆನ್ನೂರು) ಎಂಬ ಕಚೇರಿವಾರು ಸಿಗುತ್ತವೆ. ಬೆಳೆ, ನೀರಾವರಿ, ಜಾನುವಾರುಗಳಿಗೆ ಜಿಲ್ಲಾ ಸಾಂಖ್ಯಿಕ ಕಚೇರಿಯ ವಾರ್ಷಿಕ ಪ್ರಕಟಣೆಯೇ ಸಾಕು.

ಸಂಗ್ರಹಿಸಿದ ಬಳಕೆಯನ್ನು ಇಂಗಾಲದ ಡೈಆಕ್ಸೈಡಿಗೆ ಪರಿವರ್ತಿಸಲು ಕೆಲವೇ ಗುಣಕಗಳು ಬೇಕು. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕಿಲೋ, ಒಂದು ಲೀಟರ್ ಪೆಟ್ರೋಲಿಗೆ ಸುಮಾರು 2.3 ಕಿಲೋ, 14.2 ಕಿಲೋದ ಒಂದು ಅಡುಗೆ ಅನಿಲದ ಸಿಲಿಂಡರಿಗೆ ಸುಮಾರು 42 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಗ್ರಿಡ್ ವಿದ್ಯುತ್ತಿಗೆ ಕೇಂದ್ರೀಯ ವಿದ್ಯುತ್ ಪ್ರಾಧಿಕಾರ ಪ್ರತಿ ವರ್ಷ ಪ್ರಕಟಿಸುವ ಸರಾಸರಿ, ಈಚಿನ ವರ್ಷಗಳಲ್ಲಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಇದೆ. ಹೊಲಕ್ಕೆ ಹಾಕಿದ 45 ಕಿಲೋದ ಒಂದು ಚೀಲ ಯೂರಿಯಾದಿಂದ ಮಣ್ಣಿನಲ್ಲಿ ಹುಟ್ಟುವ ನೈಟ್ರಸ್ ಆಕ್ಸೈಡ್, ಅಂತರರಾಷ್ಟ್ರೀಯ ಸಾಮಾನ್ಯ ಗುಣಕದ ಪ್ರಕಾರ, ಸುಮಾರು 90 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿಯೇರಿಸುತ್ತದೆ. ಗೋವಿನಜೋಳ ಮತ್ತು ಭತ್ತ ಹೆಚ್ಚಾಗಿ ಬೆಳೆಯುವ ಹಾವೇರಿಗೆ ಈ ಕೊನೆಯ ಅಂಕಿ ಸಣ್ಣದಲ್ಲ.

ಪಂಪ್‌ಸೆಟ್ಟಿನ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ. 5 ಎಚ್‌ಪಿ ಎಂದರೆ 3.73 ಕಿಲೋವ್ಯಾಟ್. ದಿನಕ್ಕೆ 7 ಗಂಟೆಯಂತೆ ವರ್ಷಕ್ಕೆ 150 ದಿನ ನಡೆದರೆ ಸುಮಾರು 3,900 ಯೂನಿಟ್, ಅಂದರೆ ಸುಮಾರು 2.7 ಟನ್ ಇಂಗಾಲದ ಡೈಆಕ್ಸೈಡ್. ಮೋಟಾರಿನ ದಕ್ಷತೆ ಕಡಿಮೆಯಿದ್ದಷ್ಟೂ ನಿಜವಾದ ಬಳಕೆ ಇದಕ್ಕಿಂತ ಹೆಚ್ಚಾಗುತ್ತದೆ. ಪದೇ ಪದೇ ಸುಟ್ಟು ರಿವೈಂಡಿಂಗ್ ಮಾಡಿಸಿದ ಮೋಟಾರುಗಳಲ್ಲಿ ಈ ವ್ಯತ್ಯಾಸ ದೊಡ್ಡದಾಗಿಯೇ ಇರುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಇರುವುದರಿಂದ ಹೆಚ್ಚಿನವುಗಳಿಗೆ ಮೀಟರಿಲ್ಲ, ಬಳಕೆ ಬರೀ ಅಂದಾಜು. ನಿರಂತರ ಜ್ಯೋತಿ ಯೋಜನೆಯಲ್ಲಿ ಕೃಷಿ ಫೀಡರುಗಳನ್ನು ಬೇರ್ಪಡಿಸಿರುವ ಕಡೆ ಫೀಡರಿನ ಮೀಟರೇ ಅತ್ಯಂತ ನಂಬಿಕೆಯ ದಾಖಲೆ.

ಕುಡಿಯುವ ನೀರನ್ನು ಮರೆಯಬೇಡಿ. ಅವಳಿನಗರಕ್ಕೆ ಮಲಪ್ರಭೆಯ ನೀರು ಸವದತ್ತಿಯ ಕಡೆಯಿಂದ ಅಮ್ಮಿನಬಾವಿಯ ಶುದ್ಧೀಕರಣ ಘಟಕಕ್ಕೆ ಎತ್ತಿಕೊಂಡೇ ಬರಬೇಕು. ಒಂದು ಕೋಟಿ ಲೀಟರ್ ನೀರನ್ನು 100 ಮೀಟರ್ ಎತ್ತರಕ್ಕೇರಿಸಲು, ಪಂಪು ಮತ್ತು ಮೋಟಾರಿನ ಒಟ್ಟು ದಕ್ಷತೆ ಶೇ 70 ಇದ್ದರೆ, ಸುಮಾರು 3,900 ಯೂನಿಟ್ ಬೇಕಾಗುತ್ತದೆ. ಸೋರಿಹೋಗುವ ಪ್ರತಿ ಲೀಟರ್ ನೀರಿನ ಜೊತೆಗೆ ಈ ವಿದ್ಯುತ್ತೂ ಸೋರಿಹೋಗುತ್ತದೆಯಾದ್ದರಿಂದ, ಪೈಪ್‌ಲೈನ್ ದುರಸ್ತಿಯನ್ನು ಇಂಧನ ಯೋಜನೆಯ ಭಾಗವಾಗಿಯೇ ಬರೆಯಬೇಕು. ಮುಂಡರಗಿ ತಾಲ್ಲೂಕಿನ ಸಿಂಗಟಾಲೂರು ಏತ ನೀರಾವರಿಗೂ, ಮುಂದೆ ಜಾರಿಯಾಗುವುದಾದರೆ ಕಳಸಾ–ಬಂಡೂರಿ ಯೋಜನೆಯ ಪಂಪಿಂಗಿಗೂ ಇದೇ ಸೂತ್ರ ಅನ್ವಯಿಸುತ್ತದೆ.

ಮೂರನೆಯ ಹಂತ: ತಿಂಗಳು ಮತ್ತು ಗಂಟೆಯ ಚಿತ್ರ

ಈ ಹಂತಕ್ಕೆ ಎಷ್ಟು ಸಮಯ ಕೊಟ್ಟರೂ ಕಡಿಮೆಯೇ. ಹನ್ನೆರಡು ತಿಂಗಳುಗಳನ್ನು ಅಡ್ಡಸಾಲಿನಲ್ಲಿ ಬರೆದು, ಕೆಳಗೆ ನಾಲ್ಕು ಸಾಲುಗಳನ್ನು ತುಂಬಿ: ಬೇಡಿಕೆ, ಸೌರ ವಿದ್ಯುತ್, ಪವನ ವಿದ್ಯುತ್, ಮತ್ತು ಹೊರಗಿನಿಂದ ಬರಬೇಕಾದ ವಿದ್ಯುತ್.

ನಮ್ಮ ಭಾಗದಲ್ಲಿ ಬೇಡಿಕೆ ಏರುವುದು ಜನವರಿಯಿಂದ ಏಪ್ರಿಲ್‌ವರೆಗೆ, ಹಿಂಗಾರಿ ಮತ್ತು ಬೇಸಿಗೆ ಬೆಳೆಗಳಿಗೆ ನೀರು ಹಾಯಿಸುವಾಗ. ಜೊತೆಗೆ ಫ್ಯಾನು, ಎ.ಸಿ.ಗಳ ಬಳಕೆಯೂ ಸೇರುತ್ತದೆ. ರಾಜ್ಯದ ಗರಿಷ್ಠ ಬೇಡಿಕೆಯೂ ಸಾಮಾನ್ಯವಾಗಿ ಇದೇ ಅವಧಿಯಲ್ಲಿ ಬರುತ್ತದೆ. ಬಿಸಿಲು ಚೆನ್ನಾಗಿರುವುದೂ ಫೆಬ್ರುವರಿಯಿಂದ ಮೇವರೆಗೆ. ಗಾಳಿ ಮಾತ್ರ ಮುಂಗಾರಿನೊಂದಿಗೆ ಎದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರಾಗಿರುತ್ತದೆ. ಆಗ ಪಂಪ್‌ಸೆಟ್ಟುಗಳು ಬಹುತೇಕ ನಿಂತಿರುತ್ತವೆ, ಮೋಡದಿಂದ ಸೌರ ಉತ್ಪಾದನೆ ತಗ್ಗಿರುತ್ತದೆ. ಅಂದರೆ ಪಂಪ್‌ಸೆಟ್ಟಿಗೆ ಸೂರ್ಯನೇ ಜೊತೆಗಾರ. ಗಾಳಿಯ ವಿದ್ಯುತ್ತು ಮಳೆಗಾಲದಲ್ಲೂ ನಿಲ್ಲದ ಬೇಡಿಕೆಗಳಿಗೆ, ಅಂದರೆ ನಗರದ ನೀರು ಪೂರೈಕೆ, ಕಾರ್ಖಾನೆ, ರೈಲು ಮತ್ತು ಕೋಲ್ಡ್ ಸ್ಟೋರೇಜುಗಳಿಗೆ, ಹೊಂದುತ್ತದೆ.

ಬ್ಯಾಡಗಿಯ ಉದಾಹರಣೆ ಇಲ್ಲಿ ಉಪಯುಕ್ತ. ಮಾರುಕಟ್ಟೆಗೆ ಮೆಣಸಿನಕಾಯಿ ಹೆಚ್ಚಾಗಿ ಬರುವುದು ಜನವರಿಯಿಂದ ಮೇವರೆಗೆ. ಮಾರಾಟವಾಗದ ಮಾಲು ಕೋಲ್ಡ್ ಸ್ಟೋರೇಜ್ ಸೇರಿದ ಮೇಲೆ ಮಳೆಗಾಲದುದ್ದಕ್ಕೂ ಅಲ್ಲಿನ ಯಂತ್ರಗಳು ಹಗಲಿರುಳು ನಡೆಯುತ್ತವೆ. ದೊಡ್ಡ ಪ್ರಮಾಣದ ತಣ್ಣನೆಯ ಮಾಲು ತಾನೇ ತಂಪನ್ನು ಹಿಡಿದಿಡುವುದರಿಂದ, ಉಷ್ಣತೆಯನ್ನು ನಿಗದಿತ ಮಿತಿಯಲ್ಲೇ ಇಟ್ಟುಕೊಂಡು, ಮಧ್ಯಾಹ್ನ ಹೆಚ್ಚು ತಂಪು ಮಾಡಿ ಸಂಜೆಯ ಎರಡು–ಮೂರು ಗಂಟೆ ಕಂಪ್ರೆಸರುಗಳ ಹೊರೆ ಇಳಿಸಲು ಅವಕಾಶವಿದೆ. ಬ್ಯಾಟರಿಯ ಖರ್ಚಿಲ್ಲದೆ ಸಂಜೆಯ ಗರಿಷ್ಠ ಹೊರೆಯನ್ನು ಇಳಿಸುವ ಇಂಥ ಸಾಧ್ಯತೆಗಳನ್ನು ಪ್ರತಿ ತಾಲ್ಲೂಕಿನಲ್ಲೂ ಹುಡುಕಿ ಪಟ್ಟಿ ಮಾಡಬೇಕು.

ತಿಂಗಳ ಚಿತ್ರದ ನಂತರ ಫೆಬ್ರುವರಿ–ಮಾರ್ಚಿನ ಒಂದು ದಿನ ಮತ್ತು ಜುಲೈ–ಆಗಸ್ಟಿನ ಒಂದು ದಿನದ 24 ಗಂಟೆಗಳ ಹೊರೆಯನ್ನು ಬಿಡಿಸಿ. ಈ ಎರಡು ದಿನಗಳು ಸರಿಯಾಗಿ ತಿಳಿದರೆ ಮುಂದಿನ ಕೆಲಸದ ಅರ್ಧ ಮುಗಿದಂತೆ.

ನಾಲ್ಕನೆಯ ಹಂತ: ಸನ್ನಿವೇಶಗಳನ್ನು ಕಟ್ಟುವುದು

ಮೊದಲು ಭವಿಷ್ಯವನ್ನು ಅಲುಗಾಡಿಸಬಲ್ಲ ಸಂಗತಿಗಳ ಪಟ್ಟಿ ಮಾಡಿ, ಅವುಗಳಲ್ಲಿ ನಮ್ಮ ಕೈಯಲ್ಲಿರುವವು ಮತ್ತು ಇಲ್ಲದವು ಎಂದು ಬೇರ್ಪಡಿಸಿ. ಗ್ರಿಡ್ ಎಷ್ಟು ಬೇಗ ಕಲ್ಲಿದ್ದಲಿನಿಂದ ಬಿಡಿಸಿಕೊಳ್ಳುತ್ತದೆ, ಬ್ಯಾಟರಿಯ ಬೆಲೆ ಎಷ್ಟಾಗುತ್ತದೆ, ಮಳೆ ಹೇಗಾಗುತ್ತದೆ ಎಂಬುವು ನಮ್ಮ ಕೈಯಲ್ಲಿಲ್ಲ. ಪಾಲಿಕೆಯ ಕಟ್ಟಡ ಪರವಾನಗಿ, ಬಸ್ ಖರೀದಿ, ನೀರು ಪೂರೈಕೆಯ ಪಂಪುಗಳು, ಉಪಕೇಂದ್ರಕ್ಕೆ ಜಾಗ ಕಾಯ್ದಿಡುವುದು ಇವೆಲ್ಲ ನಮ್ಮವೇ. ಸನ್ನಿವೇಶಗಳ ನಡುವಿನ ವ್ಯತ್ಯಾಸ ಹುಟ್ಟಬೇಕಾದದ್ದು ಕೈಯಲ್ಲಿಲ್ಲದ ಸಂಗತಿಗಳಿಂದ. ಕೈಯಲ್ಲಿರುವವು ಯೋಜನೆಯ ಕ್ರಮಗಳಾಗಬೇಕು. ಇವೆರಡನ್ನು ಬೆರೆಸಿದರೆ ಬರೀ ಆಸೆಗಳ ಪಟ್ಟಿ ತಯಾರಾಗುತ್ತದೆ.

ನಮ್ಮ ಪ್ರದೇಶಕ್ಕೆ ಮೂರು ದಾರಿಗಳು ಮತ್ತು ಒಂದು ಪರೀಕ್ಷೆ ಸಾಕೆಂದು ನನ್ನ ಸಲಹೆ. ಮೊದಲನೆಯದು ಇದ್ದಂತೆ ಸಾಗುವ ದಾರಿ: ಈಗಿನ ಬೆಳವಣಿಗೆ, ಈಗಿನ ಯೋಜನೆಗಳು, ಹೊಸದೇನೂ ಇಲ್ಲ. ಎರಡನೆಯದು ಗ್ರಿಡ್ಡನ್ನು ನೆಚ್ಚಿದ ದಾರಿ: ದೇಶದ ಗ್ರಿಡ್ ವೇಗವಾಗಿ ಶುದ್ಧವಾಗುತ್ತದೆ, ಗದಗ, ಕೊಪ್ಪಳದಂಥ ಕಡೆ ದೊಡ್ಡ ಸೌರ–ಪವನ ಘಟಕಗಳು ಬೆಳೆಯುತ್ತವೆ, ನಾವು ವಾಹನ, ಅಡುಗೆ, ಕುಲುಮೆಗಳನ್ನು ವಿದ್ಯುತ್ತಿಗೆ ತಿರುಗಿಸುತ್ತೇವೆ. ಮೂರನೆಯದು ಊರ ಮಟ್ಟದ ದಾರಿ: ಗ್ರಿಡ್ ನಿಧಾನವಾಗಿ ಬದಲಾಗುತ್ತದೆ, ಮಾಳಿಗೆ ಸೌರ, ಫೀಡರ್ ಸೌರ, ಹತ್ತಿಕಟ್ಟಿಗೆ ಮತ್ತು ಗೋವಿನಜೋಳದ ದಂಟು–ಬೆಂಡುಗಳ ಜೈವಿಕ ಇಂಧನ, ಉಳಿತಾಯ ಇವುಗಳೇ ಮುಖ್ಯವಾಗುತ್ತವೆ. ಈ ಮೂರನ್ನೂ 2023ರಂಥ ಬರದ ವರ್ಷವೊಂದರ ಅಂಕಿಗಳಿಂದ ಪರೀಕ್ಷಿಸಬೇಕು. ಬರದಲ್ಲಿ ಮುರಿದುಬೀಳುವ ಯೋಜನೆಗೆ ನಮ್ಮ ಸೀಮೆಯಲ್ಲಿ ಬೆಲೆಯಿಲ್ಲ.

ಅಂಕಿಗಳನ್ನು ಕೂಡಿಸಲು ಸಾಮಾನ್ಯ ಎಕ್ಸೆಲ್ ಹಾಳೆಯೇ ಸಾಕಾಗಬಹುದು. ನೀತಿ ಆಯೋಗದ ಭಾರತ ಇಂಧನ ಭದ್ರತಾ ಸನ್ನಿವೇಶಗಳು 2047 ಎಂಬ ಲೆಕ್ಕಾಚಾರದ ಸಾಧನದಲ್ಲಿ ಪ್ರತಿ ವಲಯಕ್ಕೂ ಪ್ರಯತ್ನದ ನಾಲ್ಕು ಮಟ್ಟಗಳಿವೆ; ಆ ಮಟ್ಟಗಳ ಕಲ್ಪನೆಯನ್ನು ಜಿಲ್ಲೆಗೂ ಅಳವಡಿಸಿಕೊಳ್ಳಬಹುದು. ಇನ್ನೂ ಆಳಕ್ಕೆ ಹೋಗಬೇಕಾದರೆ ಸ್ಟಾಕ್‌ಹೋಮ್ ಪರಿಸರ ಸಂಸ್ಥೆಯ ಲೀಪ್ ಎಂಬ ತಂತ್ರಾಂಶವಿದೆ. ಐಐಟಿ ಧಾರವಾಡ, ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯಗಳಂಥ ಸಂಸ್ಥೆಗಳು ಇದೇ ಊರುಗಳಲ್ಲಿರುವಾಗ ಈ ಕೆಲಸಕ್ಕೆ ಹೊರಗಿನ ಸಲಹೆಗಾರರಿಗಾಗಿ ಕಾಯಬೇಕಾಗಿಲ್ಲ.

ಒಂದು ಲೆಕ್ಕ ಸನ್ನಿವೇಶಗಳ ಅಗತ್ಯವನ್ನು ಸ್ಪಷ್ಟಪಡಿಸುತ್ತದೆ. ಹುಬ್ಬಳ್ಳಿ–ಧಾರವಾಡ ನಡುವಿನ ಸುಮಾರು 22 ಕಿಲೋಮೀಟರ್ ಬಿಆರ್‌ಟಿಎಸ್ (ಬಸ್ಸುಗಳಿಗೇ ಮೀಸಲಾದ) ಮಾರ್ಗದಲ್ಲಿ ಓಡುವ ಚಿಗರಿಯಂಥ ಹವಾನಿಯಂತ್ರಿತ ಡೀಸೆಲ್ ಬಸ್ಸು ಲೀಟರಿಗೆ 3 ಕಿಲೋಮೀಟರ್ ಓಡುತ್ತದೆಂದು ಇಟ್ಟುಕೊಂಡರೆ, ಕಿಲೋಮೀಟರಿಗೆ ಸುಮಾರು 0.9 ಕಿಲೋ ಇಂಗಾಲದ ಡೈಆಕ್ಸೈಡ್. ಅದರ ಬದಲಿಗೆ ಬರುವ ವಿದ್ಯುತ್ ಬಸ್ಸು ಕಿಲೋಮೀಟರಿಗೆ 1.2 ಯೂನಿಟ್ ಬಳಸಿದರೆ ಇಂದಿನ ಗ್ರಿಡ್ಡಿನಲ್ಲಿ ಸುಮಾರು 0.84 ಕಿಲೋ. ಹೊಗೆಕೊಳವೆಯ ಮಾಲಿನ್ಯ ನಗರದಿಂದ ತೊಲಗಿದರೂ ಇಂಗಾಲದ ಲೆಕ್ಕದಲ್ಲಿ ಇಂದಿಗೆ ದೊಡ್ಡ ಅಂತರವಿಲ್ಲ. ಗ್ರಿಡ್ಡಿನ ಗುಣಕ 0.35ಕ್ಕೆ ಇಳಿದರೆ ಅದೇ ಬಸ್ಸಿನದು 0.42 ಆಗುತ್ತದೆ, ಡೀಸೆಲ್ ಬಸ್ಸಿನದು ಇದ್ದಷ್ಟೇ ಇರುತ್ತದೆ. ಹೀಗಾಗಿ ವಿದ್ಯುತ್ ಬಸ್ಸಿನ ಲಾಭ ಎರಡನೆಯ ದಾರಿಯಲ್ಲಿ ಬೇಗ, ಮೂರನೆಯದರಲ್ಲಿ ಡಿಪೊದ ಹಗಲು ಸೌರ ವಿದ್ಯುತ್ತಿನಿಂದ ಚಾರ್ಜ್ ಮಾಡಿದಷ್ಟು ಮಾತ್ರ ಬರುತ್ತದೆ. ಒಂದೇ ಭವಿಷ್ಯವನ್ನು ನಂಬಿ ಮಾಡಿದ ಯೋಜನೆಯಲ್ಲಿ ಈ ಸೂಕ್ಷ್ಮ ಕಾಣುವುದೇ ಇಲ್ಲ.

ಐದನೆಯ ಹಂತ: ಉಪಕೇಂದ್ರಕ್ಕೆ ಇಳಿಸುವುದು

ಬ್ರಿಟನ್ನಿನಲ್ಲಿ ವಿದ್ಯುತ್ ವಿತರಣಾ ಕಂಪನಿಗಳು ತಮ್ಮ ವ್ಯಾಪ್ತಿಯ ಭವಿಷ್ಯದ ಇಂಧನ ಸನ್ನಿವೇಶಗಳನ್ನು ನಿಯತವಾಗಿ ಪ್ರಕಟಿಸಿ, ಸ್ಥಳೀಯ ಆಡಳಿತಗಳೊಡನೆ ಚರ್ಚಿಸಿ, ಅವನ್ನು ಉಪಕೇಂದ್ರಗಳ ಮಟ್ಟಕ್ಕೆ ಇಳಿಸುತ್ತವೆ. ಈ ರೂಢಿಯನ್ನು ನಾವು ತರಬೇಕು. ಕರ್ನಾಟಕದ ಉತ್ತರ ಭಾಗದಲ್ಲಿ 110 ಕೆ.ವಿ. ಮತ್ತು 33 ಕೆ.ವಿ. ಉಪಕೇಂದ್ರಗಳಿಂದ 11 ಕೆ.ವಿ. ಫೀಡರುಗಳು ಹೊರಡುತ್ತವೆ, ಸನ್ನಿವೇಶದ ಪ್ರತಿ ಅಂಕಿಯನ್ನೂ ಇವುಗಳಿಗೆ ಹಂಚಬೇಕು.

10 ಎಂವಿಎ (ಮೆಗಾವೋಲ್ಟ್–ಆಂಪಿಯರ್, ಉಪಕೇಂದ್ರ ಹೊರಬಲ್ಲ ಹೊರೆಯ ಅಳತೆ) ಸಾಮರ್ಥ್ಯದ ಒಂದು ಉಪಕೇಂದ್ರದಲ್ಲಿ ಈಗಿನ ಗರಿಷ್ಠ ಹೊರೆ 7 ಎಂವಿಎ ಎಂದುಕೊಳ್ಳಿ. ಬೇಡಿಕೆ ವರ್ಷಕ್ಕೆ ಶೇ 2ರಂತೆ ಬೆಳೆದರೆ ಅದು ತುಂಬಲು ಸುಮಾರು 18 ವರ್ಷ, ಶೇ 4ರಂತಾದರೆ 9 ವರ್ಷ, ಶೇ 6ರಂತಾದರೆ 6 ವರ್ಷ ಬೇಕು. ಜಾಗ ಹುಡುಕಿ, ಮಂಜೂರಾತಿ ಪಡೆದು, ಲೈನು ಎಳೆದು ಹೊಸ ಉಪಕೇಂದ್ರ ಚಾಲೂ ಮಾಡಲು ವರ್ಷಗಳೇ ಹಿಡಿಯುತ್ತವೆ ಎಂಬುದನ್ನು ಗಮನಿಸಿದರೆ, ಶೇ 6ರ ಸನ್ನಿವೇಶದಲ್ಲಿ ಜಾಗ ಕಾಯ್ದಿಡುವ ನಿರ್ಧಾರ ಈಗಲೇ ಆಗಬೇಕು. ಜಾಗ ಕಾಯ್ದಿಡುವುದಕ್ಕೆ ಖರ್ಚು ಕಡಿಮೆ. ಯಂತ್ರ ಕೊಳ್ಳುವುದಕ್ಕೆ ಹೆಚ್ಚು. ಮೊದಲನೆಯದನ್ನು ಎಲ್ಲ ಸನ್ನಿವೇಶಗಳಿಗಾಗಿ ಮಾಡಿ, ಎರಡನೆಯದನ್ನು ಹೊರೆ 8.5 ಎಂವಿಎ ಮುಟ್ಟಿದಾಗ ಎಂಬಂಥ ನಿಶ್ಚಿತ ಗುರುತಿಗೆ ಕಟ್ಟಿಡಿ.

ಒಂದೇ ಜಾಗದಲ್ಲಿ ದೊಡ್ಡದಾಗಿ ಬರುವ ಹೊರೆಗಳನ್ನು ಸರಾಸರಿ ಬೆಳವಣಿಗೆಯಲ್ಲಿ ಮುಚ್ಚಿಡಬಾರದು. 50 ವಿದ್ಯುತ್ ಬಸ್ಸುಗಳು ದಿನಕ್ಕೆ 200 ಕಿಲೋಮೀಟರ್ ಓಡಿ ರಾತ್ರಿ ಒಂದೇ ಡಿಪೊದಲ್ಲಿ ಆರು ಗಂಟೆಗಳಲ್ಲಿ ಚಾರ್ಜ್ ಆಗಬೇಕಾದರೆ ಸುಮಾರು 2 ಮೆಗಾವ್ಯಾಟ್ ಬೇಕು. ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ಎರಕದ ಕಾರ್ಖಾನೆಗಳು ಕೋಕ್ ಕುಲುಮೆಯಿಂದ ವಿದ್ಯುತ್ ಕುಲುಮೆಗೆ ತಿರುಗಿದಾಗಲೂ ಹೀಗೆಯೇ. ಇಂಥವರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತನಾಡಿಸಿ, ಅವರ ಹತ್ತು ವರ್ಷಗಳ ಆಲೋಚನೆಯನ್ನು ಬರೆದುಕೊಳ್ಳುವುದಕ್ಕಿಂತ ಉತ್ತಮ ಮಾರ್ಗವಿಲ್ಲ.

ಕೃಷಿ ಫೀಡರುಗಳಿಗೆ ಪಿಎಂ–ಕುಸುಮ್ ಯೋಜನೆಯ ಫೀಡರ್ ಸೌರೀಕರಣ (ಇಡೀ ಫೀಡರಿಗೆ ಸೌರ ಘಟಕದಿಂದ ವಿದ್ಯುತ್ ಕೊಡುವುದು) ಹೊಂದುತ್ತದೆ. 5 ಎಚ್‌ಪಿಯ 200 ಪಂಪ್‌ಸೆಟ್ಟುಗಳಿರುವ ಒಂದು ಫೀಡರಿಗೆ ಮೇಲಿನ ಲೆಕ್ಕದಂತೆ ವರ್ಷಕ್ಕೆ ಸುಮಾರು 7.8 ಲಕ್ಷ ಯೂನಿಟ್ ಬೇಕು. 1 ಮೆಗಾವ್ಯಾಟ್ ಸೌರ ಘಟಕ ನಮ್ಮಲ್ಲಿ ವರ್ಷಕ್ಕೆ ಸುಮಾರು 15 ಲಕ್ಷ ಯೂನಿಟ್ ಕೊಡುವುದರಿಂದ ವಾರ್ಷಿಕ ಲೆಕ್ಕದಲ್ಲಿ ಅರ್ಧ ಮೆಗಾವ್ಯಾಟ್, ಎರಡು–ಎರಡೂವರೆ ಎಕರೆ ಜಾಗ ಸಾಕು. ಆದರೆ ಬಳಕೆಯೆಲ್ಲ 150 ದಿನಗಳಲ್ಲೇ ಸೇರಿಕೊಂಡಿದೆ. ಆ ದಿನಗಳಲ್ಲಿ ಅರ್ಧ ಮೆಗಾವ್ಯಾಟ್ ಘಟಕ ಬೇಡಿಕೆಯ ಅರ್ಧದಷ್ಟನ್ನೂ ಪೂರೈಸದು. ಉಳಿದ ತಿಂಗಳುಗಳಲ್ಲಿ ಹೆಚ್ಚುವರಿ ವಿದ್ಯುತ್ ಊರಿನ ಕಡೆ ಹರಿಯಬೇಕು. ಫೀಡರ್–ತಿಂಗಳ ಲೆಕ್ಕ ಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ರಾತ್ರಿ ಹೊಲಕ್ಕೆ ಹೋಗಿ ಮೋಟಾರು ಚಾಲೂ ಮಾಡುವ ಕಷ್ಟ, ಹಾವು–ಚೇಳಿನ ಭಯ ತಪ್ಪಿ ಹಗಲಲ್ಲೇ ನೀರು ಹಾಯಿಸುವಂತಾಗುವುದು ರೈತರಿಗೆ ಇಂಗಾಲದ ಲೆಕ್ಕಕ್ಕಿಂತ ದೊಡ್ಡ ಲಾಭ, ಮತ್ತು ಯೋಜನೆಯನ್ನು ಅವರ ಮುಂದಿಡಬೇಕಾದದ್ದೂ ಹಾಗೆಯೇ.

ಮಾಳಿಗೆ ಸೌರದ ಅಂದಾಜಿನಲ್ಲಿ ಎರಡು ಯೋಜನೆಗಳನ್ನು ಒಟ್ಟಿಗೆ ನೋಡಬೇಕು. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ 3 ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನ ಕೊಡುತ್ತದೆ. 2023ರಿಂದ ಜಾರಿಯಲ್ಲಿರುವ ಗೃಹಜ್ಯೋತಿಯಿಂದ ತಿಂಗಳಿಗೆ 200 ಯೂನಿಟ್‌ವರೆಗಿನ ಮನೆಗಳಲ್ಲಿ ಹೆಚ್ಚಿನವುಗಳಿಗೆ ಬಿಲ್ಲೇ ಇಲ್ಲ. ಬಿಲ್ಲಿಲ್ಲದ ಮನೆಯವರು ಸ್ವಂತ ಹಣ ಹಾಕಿ ಪ್ಯಾನಲ್ ಕೂಡಿಸುತ್ತಾರೆಂದು ಎಣಿಸುವುದು ಸರಿಯಲ್ಲ. ಹೀಗಾಗಿ ಊರ ಮಟ್ಟದ ದಾರಿಯಲ್ಲಿ ಮೊದಲ ದಶಕದ ಭಾರವನ್ನು ಶಾಲೆ, ಆಸ್ಪತ್ರೆ, ಕಲ್ಯಾಣ ಮಂಟಪ, ಗೋದಾಮು, ಎಪಿಎಂಸಿ ಪ್ರಾಂಗಣಗಳ ದೊಡ್ಡ ಮಾಳಿಗೆಗಳ ಮೇಲೆ ಹಾಕುವುದು ವಾಸ್ತವಕ್ಕೆ ಹತ್ತಿರ. ಗದಗದಲ್ಲಿ ಜಾಗದ ಮಿತಿಯನ್ನೂ ಗೌರವಿಸಬೇಕು: ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅಲ್ಲಿ ಹೊಸ ಯಂತ್ರಗಳನ್ನು ಎಣಿಸುವ ಸನ್ನಿವೇಶಕ್ಕಿಂತ, ಇತರ ಕಡೆಗಳ ಹಳೆಯ ಸಣ್ಣ ಯಂತ್ರಗಳನ್ನು ತೆಗೆದು ಕಡಿಮೆ ಸಂಖ್ಯೆಯ ದೊಡ್ಡ ಯಂತ್ರಗಳನ್ನು ನಿಲ್ಲಿಸುವ ಸನ್ನಿವೇಶ ನ್ಯಾಯವಾದದ್ದು.

ಆರನೆಯ ಹಂತ: 2070ರಿಂದ ಹಿಂದಕ್ಕೆ ಬರುವುದು

ಪ್ರತಿ ವಸ್ತುವಿನ ಬಾಳಿಕೆಯನ್ನು ಅದರ ಹೆಸರಿನ ಮುಂದೆ ಬರೆಯಿರಿ. ಪಂಪ್‌ಸೆಟ್ ಹತ್ತು ವರ್ಷದ ಆಸುಪಾಸು, ಬಸ್ಸು ಹನ್ನೆರಡು–ಹದಿನೈದು, ಟ್ರಾನ್ಸ್‌ಫಾರ್ಮರ್ ಮತ್ತು ಸೌರ ಫಲಕ ಇಪ್ಪತ್ತೈದು ಅಥವಾ ಹೆಚ್ಚು, ಕಟ್ಟಡ ಐವತ್ತು. ಇಂದು ಕೊಂಡ ಡೀಸೆಲ್ ಬಸ್ಸು 2070ರಲ್ಲಿ ಇರುವುದಿಲ್ಲ. ಇಂದು ವಿದ್ಯಾನಗರದಲ್ಲೋ ಸತ್ತೂರಿನಲ್ಲೋ ಕಟ್ಟಿದ ಅಪಾರ್ಟ್‌ಮೆಂಟು ಇರುತ್ತದೆ. ಪಶ್ಚಿಮದ ಬಿಸಿಲಿಗೆ ಗಾಜಿನ ಗೋಡೆ ಕಟ್ಟಿ ಮುಂದಿನ ಐವತ್ತು ವರ್ಷ ಎ.ಸಿ. ಓಡಿಸುವ ಕಟ್ಟಡ, ಒಂದು ಬಸ್ ಡಿಪೊಗಿಂತ ದೊಡ್ಡ ತಪ್ಪಾಗಬಲ್ಲದು. ಆದರೂ ಚರ್ಚೆಯೆಲ್ಲ ಬಸ್ಸು, ಕಾರುಗಳ ಸುತ್ತಲೇ ನಡೆಯುತ್ತದೆ. ನೆರಳು, ಗಾಳಿ, ಬಿಳಿ ಬಣ್ಣದ ಮಾಳಿಗೆ, ಪ್ಯಾನಲ್ಲಿಗೆ ಬಿಟ್ಟ ಜಾಗ ಇವುಗಳನ್ನು ಪರವಾನಗಿಯ ನಿಯಮದಲ್ಲಿ ಸೇರಿಸುವ ಮಾತು ಬರುವುದೇ ಅಪರೂಪ.

ಹೀಗೆ ನೋಡಿದ ಮೇಲೆ ಕ್ರಮಗಳು ತಾವಾಗಿಯೇ ಬೇರ್ಪಡುತ್ತವೆ. ಮೂರೂ ದಾರಿಗಳಲ್ಲಿ, ಬರದಲ್ಲೂ, ಲಾಭವಾಗುವ ಕೆಲಸಗಳನ್ನು ಈ ವರ್ಷದ ಬಜೆಟ್ಟಿಗೇ ಹಾಕಿ: ನೀರಿನ ಸೋರಿಕೆ ತಡೆ, ಪಂಪಿಂಗ್ ಕೇಂದ್ರಗಳ ಮೋಟಾರು ಬದಲಾವಣೆ, ಫೀಡರ್ ಮೀಟರು, ಕಟ್ಟಡ ನಿಯಮ, ಉಪಕೇಂದ್ರದ ಜಾಗ. ಕೆಲವೇ ದಾರಿಗಳಲ್ಲಿ ಲಾಭವಾಗುವ ದೊಡ್ಡ ಹೂಡಿಕೆಗಳಿಗೆ ಗುರುತುಗಳನ್ನು ಬರೆದಿಡಿ. ಉದಾಹರಣೆಗೆ, ಗ್ರಿಡ್ಡಿನ ಗುಣಕ 0.6ಕ್ಕೆ ಇಳಿದ ವರ್ಷದಿಂದ ಹೊಸ ಡೀಸೆಲ್ ನಗರ ಬಸ್ಸುಗಳ ಖರೀದಿ ನಿಲ್ಲಬೇಕು ಎಂಬಂತೆ. ಗುರುತಿಲ್ಲದೆ 'ಮುಂದೆ ನೋಡೋಣ' ಎಂದು ಬರೆದ ಕ್ರಮವನ್ನು ಪಟ್ಟಿಯಿಂದ ತೆಗೆದುಬಿಡಿ.

ಎಲ್ಲ ಮಾಡಿದ ಮೇಲೂ ಉಳಿಯುವ ಭಾಗವೊಂದಿದೆ: ದನಕರುಗಳ ಮೀಥೇನ್, ಹಾನಗಲ್ಲಿನ ಭತ್ತದ ಗದ್ದೆಗಳು, ಗೊಬ್ಬರದ ನೈಟ್ರಸ್ ಆಕ್ಸೈಡ್, ಹುಬ್ಬಳ್ಳಿಯ ಕಾರವಾರ ರಸ್ತೆ ಮತ್ತು ಧಾರವಾಡದ ಹೊಸಯಲ್ಲಾಪುರದ ಕಸದ ರಾಶಿಗಳು. ಕಸದ್ದನ್ನು ನಿಲ್ಲಿಸಬಹುದು, ಗೊಬ್ಬರದ್ದನ್ನು ಮಣ್ಣು ಪರೀಕ್ಷೆಯಿಂದ ತಗ್ಗಿಸಬಹುದು. ಉಳಿದುದನ್ನು ಹೊಲದ ಬದುವಿನ ಗಿಡಗಳಿಂದಲೇ ಸರಿದೂಗಿಸುತ್ತೇವೆಂದು ಬರೆಯುವುದು ಪ್ರಾಮಾಣಿಕವಲ್ಲ. ಬೇಸಾಯದ ಜಿಲ್ಲೆ ತನ್ನೊಳಗೇ ಶೂನ್ಯ ಮುಟ್ಟಬೇಕೆಂದೇನೂ ಇಲ್ಲ. ಹಾವೇರಿಯ ಶೇಷವನ್ನು ಪಶ್ಚಿಮ ಘಟ್ಟದ ಕಾಡಿರುವ ರಾಜ್ಯದ ಲೆಕ್ಕದಲ್ಲಿ ನೋಡಬೇಕು.

ಏಳನೆಯ ಹಂತ: ಜನರ ಮುಂದಿಡುವುದು ಮತ್ತು ಪರಿಷ್ಕರಣೆ

ಸಿದ್ಧವಾದ ಸನ್ನಿವೇಶಗಳನ್ನು ಕನ್ನಡದಲ್ಲಿ, ಪ್ರತಿ ಉಪಕೇಂದ್ರಕ್ಕೆ ಒಂದು ಪುಟದಂತೆ ಮುದ್ರಿಸಿ: ಈಗಿನ ಹೊರೆ, ಮೂರು ದಾರಿಗಳಲ್ಲಿ 2030, 2040, 2050ರ ಹೊರೆ, ಬರದ ಪರೀಕ್ಷೆಯ ಫಲ, ಗುರುತುಗಳು. ಗ್ರಾಮಸಭೆ ಮತ್ತು ವಾರ್ಡ್ ಸಮಿತಿಗಳಲ್ಲಿ ಅದನ್ನು ಓದಿ ಹೇಳಿ; ಯಾವ ಟಿಸಿ (ಟ್ರಾನ್ಸ್‌ಫಾರ್ಮರ್) ಪದೇ ಪದೇ ಸುಡುತ್ತದೆ, ಯಾವ ಊರಲ್ಲಿ ಹೊಸ ಕೊಳವೆಬಾವಿಗಳು ಬರುತ್ತಿವೆ ಎಂಬುದನ್ನು ಲೈನ್‌ಮನ್ ಮತ್ತು ರೈತರು ಯಾವ ದತ್ತಾಂಶಕ್ಕಿಂತ ಮೊದಲೇ ಬಲ್ಲರು. ಅವರು ಹೇಳಿದ್ದನ್ನು ಹಾಳೆಯಲ್ಲಿ ದಿನಾಂಕದೊಡನೆ ಬರೆದು, ಅಂಕಿಯನ್ನು ತಿದ್ದಿ.

ಪರಿಷ್ಕರಣೆ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಅಕ್ಟೋಬರ್‌ನಲ್ಲಿ ಆಗುವುದು ಅನುಕೂಲ. ಆ ಹೊತ್ತಿಗೆ ಜಲಾಶಯದ ಮಟ್ಟ, ಹಿಂಗಾರಿ ಬಿತ್ತನೆಯ ಅಂದಾಜು, ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ ಇತ್ತೀಚಿನ ಗುಣಕ ಕೈಯಲ್ಲಿರುತ್ತವೆ. ಹೆಸ್ಕಾಂ ದರ ಪರಿಷ್ಕರಣೆಗೆ ಅಥವಾ ಹೂಡಿಕೆ ಯೋಜನೆಗೆ ಅರ್ಜಿ ಸಲ್ಲಿಸಿದಾಗ ಆಯೋಗವು ಆಕ್ಷೇಪಣೆಗಳನ್ನು ಆಹ್ವಾನಿಸಿ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಮತ್ತು ಯಾವ ಗ್ರಾಹಕನೂ ಅಲ್ಲಿ ಲಿಖಿತವಾಗಿ ತನ್ನ ಅಭಿಪ್ರಾಯ ಸಲ್ಲಿಸಬಹುದು. ರೋಣದ ಒಂದು ಫೀಡರಿಗೋ ಶಿಗ್ಗಾವಿಯ ಒಂದು ಉಪಕೇಂದ್ರಕ್ಕೋ ಸಂಬಂಧಿಸಿದ ಆ ಒಂದು ಪುಟವನ್ನು ಗ್ರಾಮ ಪಂಚಾಯತಿಯ ಠರಾವಿನೊಡನೆ ಲಗತ್ತಿಸಿ, ಆ ಉಪಕೇಂದ್ರಕ್ಕೆ ಯಾವ ವರ್ಷ ಎಷ್ಟು ಹೂಡಿಕೆ ಬೇಕೆಂಬುದನ್ನು ನೇರವಾಗಿ ನಮೂದಿಸಿ ಸಲ್ಲಿಸಿ.